ಹಳೆಯ ಹಳಿ, ಹೊಸ ಆಟ: ಜಿಯೋಕ್ಯಾಷಿಂಗ್ ನಮ್ಮ ನೆಲಕ್ಕೆ ಒಗ್ಗೀತೆ?

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಉದ್ಘಾಟಿಸಿದರು. 118 ಕಿಲೋಮೀಟರ್ ಉದ್ದದ ಈ ರಸ್ತೆ ಬಿಡದಿಯಿಂದ ಶ್ರೀರಂಗಪಟ್ಟಣದವರೆಗಿನ ಪಟ್ಟಣಗಳನ್ನು ಬದಿಗೆ ಬಿಟ್ಟು ಅಥವಾ ಮೇಲ್ಸೇತುವೆಯ ಮೂಲಕ ದಾಟಿ ಸಾಗುತ್ತದೆ. ಪ್ರಯಾಣದ ಅವಧಿ ತಗ್ಗಿತು. ಅದರ ಜೊತೆಗೇ ಹಳೆಯ ಹೆದ್ದಾರಿಯ ಇಕ್ಕೆಲಗಳ ಹೋಟೆಲು, ವಡೆ ಅಂಗಡಿ, ಎಳನೀರಿನ ಗಾಡಿಗಳ ವ್ಯಾಪಾರವೂ ತಗ್ಗಿತು. ರೈಲು ಪ್ರಯಾಣಿಕರ ಹಸಿವನ್ನು ನಂಬಿ ಹೆಸರಾದ ವಡೆಯ ಊರಿನಲ್ಲಿ ಈಗ ಪ್ರಯಾಣಿಕರನ್ನು ನಿಲ್ಲಿಸುವುದೇ ಕಷ್ಟವಾಗಿದೆ.

ದಾರಿಹೋಕರು ನಿಲ್ಲಬೇಕಾದರೆ ನಿಲ್ಲಲು ಒಂದು ಕಾರಣ ಬೇಕು. ಮದ್ದೂರಿಗೆ ಅಂತಹ ಕಾರಣಗಳ ಕೊರತೆ ಇಲ್ಲ. ಶಿಂಷಾ ನದಿಯ ದಂಡೆಯಲ್ಲಿ ವೈದ್ಯನಾಥಪುರದ ವೈದ್ಯನಾಥೇಶ್ವರ ದೇವಾಲಯವಿದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಧ್ವಜ ಸತ್ಯಾಗ್ರಹ ನಡೆದ ಶಿವಪುರ ಪಟ್ಟಣಕ್ಕೆ ಅಂಟಿಕೊಂಡೇ ಇದೆ. ಇದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಮರಗಳಲ್ಲಿ ಗೂಡು ಕಟ್ಟುತ್ತವೆ. ಆದರೆ ಇವೆಲ್ಲವನ್ನೂ ಪೋಣಿಸಿ, ಬಂದವರನ್ನು ಕಾಲ್ನಡಿಗೆಯಲ್ಲಿ ಕರೆದೊಯ್ಯುವ ದಾರಿಯನ್ನು ಯಾರೂ ರೂಪಿಸಿಲ್ಲ.

ಇದೇ ಸಮಸ್ಯೆಗೆ ಪಶ್ಚಿಮದ ಕೆಲವು ದೇಶಗಳು ಕಂಡುಕೊಂಡ ಉತ್ತರಗಳಲ್ಲಿ ಒಂದು, ಕೈಬಿಟ್ಟ ರೈಲು ಹಳಿಗಳನ್ನು ಕಿತ್ತು ನಡಿಗೆಯ ಹಾದಿ ಮಾಡುವುದು, ಆ ಹಾದಿಯ ಆರಂಭದಲ್ಲೊಂದು ಉದ್ಯಾನ ನಿರ್ಮಿಸುವುದು, ಜನರನ್ನು ಅಲ್ಲಿಗೆ ಸೆಳೆಯಲು 'ಜಿಯೋಕ್ಯಾಷಿಂಗ್' ಎಂಬ ಹುಡುಕಾಟದ ಆಟಕ್ಕೆ ಅವಕಾಶ ಕೊಡುವುದು. ನಮ್ಮ ನಗರಗಳ ಯುವಕರಲ್ಲಿ ಚಾರಣದ ಹುಚ್ಚು ಹೆಚ್ಚುತ್ತಿರುವ ಈ ದಿನಗಳಲ್ಲಿ ಇಂತಹ ಆಟ ಇಲ್ಲಿಯೂ ಬೇರೂರಬಲ್ಲದೆ? ಬೇರೂರಬೇಕಾದರೆ ಏನು ಬದಲಾಗಬೇಕು? ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಹಗುರವಲ್ಲ.

ಏನಿದು ಆಟ?

2000ನೇ ಇಸವಿಯ ಮೇ 1ರಂದು ಅಮೆರಿಕದ ಅಂದಿನ ಅಧ್ಯಕ್ಷ ಬಿಲ್ ಕ್ಲಿಂಟನ್ ಒಂದು ಮಹತ್ವದ ನಿರ್ಧಾರ ಪ್ರಕಟಿಸಿದರು. ನಾಗರಿಕರಿಗೆ ದೊರೆಯುವ ಜಿಪಿಎಸ್ ಸಂಕೇತಗಳಲ್ಲಿ ಅಮೆರಿಕದ ಸೇನೆ ಅಲ್ಲಿಯವರೆಗೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಲಾಯಿತು. ನೂರು ಮೀಟರ್‌ವರೆಗೂ ತಪ್ಪುತ್ತಿದ್ದ ಸ್ಥಾನ ನಿರ್ಣಯ ಒಂದೇ ರಾತ್ರಿಯಲ್ಲಿ ಹತ್ತಿಪ್ಪತ್ತು ಮೀಟರ್‌ಗಳ ಆಸುಪಾಸಿಗೆ ಬಂತು. ಎರಡು ದಿನಗಳ ಬಳಿಕ, ಮೇ 3ರಂದು, ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಅಲ್ಮರ್ ಎಂಬ ತಂತ್ರಜ್ಞ ಒಂದು ಕಪ್ಪು ಬಕೆಟ್‌ನಲ್ಲಿ ಕೆಲವು ಸಾಮಾನುಗಳನ್ನಿಟ್ಟು ಕಾಡಂಚಿನಲ್ಲಿ ಅಡಗಿಸಿ, ಅದರ ಅಕ್ಷಾಂಶ-ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಹುಡುಕಿಕೊಂಡು ಹೋದವರು ಒಂದು ವಸ್ತುವನ್ನು ತೆಗೆದುಕೊಂಡು, ಬದಲಿಗೆ ಇನ್ನೊಂದನ್ನಿಟ್ಟು, ಅಲ್ಲಿರುವ ಪುಸ್ತಕದಲ್ಲಿ ಹೆಸರು ಬರೆದು ಬರಬೇಕಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆಟಕ್ಕೆ ಪ್ರತ್ಯೇಕ ಜಾಲತಾಣ ಆರಂಭವಾದಾಗ ಅದರಲ್ಲಿದ್ದ ಡಬ್ಬಿಗಳು 75 ಮಾತ್ರ. ಇಂದು ಜಗತ್ತಿನಾದ್ಯಂತ ಮೂವತ್ತು ಲಕ್ಷಕ್ಕೂ ಹೆಚ್ಚು ಇವೆ.

ಇಲ್ಲಿ 'ಕ್ಯಾಷ್' ಎಂದರೆ ನಗದು ಹಣವಲ್ಲ, ಅಡಗಿಸಿಟ್ಟ ವಸ್ತು. ಡಬ್ಬಿಯೊಳಗೆ ಸಿಗುವುದು ಮಕ್ಕಳ ಆಟಿಕೆ, ಗುಂಡಿ, ನಾಣ್ಯಗಳಂತಹ ಚಿಲ್ಲರೆ ಸಾಮಾನು. ಆಟಗಾರನಿಗೆ ಮುಖ್ಯವಾದುದು ಹುಡುಕಿದ ಸಂತೋಷ ಮತ್ತು ಆ ನೆಪದಲ್ಲಿ ಕಂಡ ಹೊಸ ಜಾಗ. ಪ್ರತಿ ಡಬ್ಬಿಗೂ ಹುಡುಕುವ ಕಷ್ಟ ಹಾಗೂ ನಡೆಯುವ ನೆಲದ ಕಷ್ಟಗಳಿಗೆ 1ರಿಂದ 5ರವರೆಗೆ ಅಂಕ ಕೊಡಲಾಗುತ್ತದೆ. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರವಿರಬೇಕು. ನೆಲ ಅಗೆದು ಹೂಳುವಂತಿಲ್ಲ. ಜಾಗದ ಒಡೆಯರ ಅನುಮತಿ ಇಲ್ಲದೆ ಇಡುವಂತಿಲ್ಲ. ಡಬ್ಬಿಯೇ ಇಲ್ಲದ ಬಗೆಯೂ ಉಂಟು. ಅದರಲ್ಲಿ ಸ್ಥಳಕ್ಕೆ ಹೋದವರಷ್ಟೇ ಉತ್ತರಿಸಬಲ್ಲ ಪ್ರಶ್ನೆಯನ್ನು ಕೇಳಲಾಗುತ್ತದೆ. 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘದ ಸಹಯೋಗದಲ್ಲಿ ಆರಂಭವಾದ 'ಅರ್ಥ್‌ಕ್ಯಾಷ್' ಈ ಜಾತಿಗೆ ಸೇರಿದ್ದು. ಬಂಡೆ, ಕಣಿವೆ, ಜಲಪಾತಗಳನ್ನು ನೋಡಿ ಭೂಮಿಯ ರಚನೆಯ ಬಗ್ಗೆ ಉತ್ತರ ಕಳುಹಿಸುವ ಕ್ರಮ ಅದು.

ಈ ಆಟಕ್ಕೆ ರೈಲು ಹಾದಿಗಳು ಹೇಳಿ ಮಾಡಿಸಿದಂತಿವೆ. ಹಳಿ ಹಾಕಿದ ಕಾಲದಲ್ಲೇ ಏರಿಳಿತ ತಗ್ಗಿಸಿದ ಕಾರಣ ಮಕ್ಕಳೂ ವೃದ್ಧರೂ ಸಲೀಸಾಗಿ ನಡೆಯಬಹುದು. ಸೇತುವೆ, ಸುರಂಗ, ಹಳೆಯ ನಿಲ್ದಾಣಗಳು ದಾರಿಯುದ್ದಕ್ಕೂ ಸಿಗುತ್ತವೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1967ರಲ್ಲಿ ತೆರೆದ ಎಲ್ರಾಯ್-ಸ್ಪಾರ್ಟಾ ಹಾದಿಯನ್ನು ಈ ಪ್ರಯೋಗದ ಮೊದಲ ಮಾದರಿ ಎಂದು ಪರಿಗಣಿಸಲಾಗುತ್ತದೆ. ಇಂದು ಆ ದೇಶದಲ್ಲಿ ಇಂತಹ ಹಾದಿಗಳ ಒಟ್ಟು ಉದ್ದ 40,000 ಕಿಲೋಮೀಟರ್ ಮೀರಿದೆ.

ನಮ್ಮಲ್ಲಿ ಹಳಿ ಸಾಯುವುದಿಲ್ಲ

ಇದನ್ನು ಕೇಳಿದ ಮಳವಳ್ಳಿಯ ಜನ ನಕ್ಕರೆ ಆಶ್ಚರ್ಯವಿಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೂಲಕ ಚಾಮರಾಜನಗರಕ್ಕೆ ಹೋಗಬೇಕಾದ 142 ಕಿಲೋಮೀಟರ್ ರೈಲು ಮಾರ್ಗಕ್ಕೆ 1996-97ರಲ್ಲೇ ಮಂಜೂರಾತಿ ದೊರೆತಿತ್ತು. ಮಳವಳ್ಳಿ ಇನ್ನೂ ರೈಲು ಕಂಡಿಲ್ಲ. ರೈಲೇ ಬಾರದ ಊರಿನವರ ಮುಂದೆ ರೈಲು ಹೋದ ಮೇಲಿನ ಹಾದಿಯ ಮಾತಾಡುವುದು ಹೊಟ್ಟೆ ತುಂಬಿದವರ ಮಾತಾದೀತು. ಅಮೆರಿಕದಲ್ಲಿ ಕಾರು, ಲಾರಿಗಳ ಪೈಪೋಟಿಯಲ್ಲಿ ಸೋತ ಹಳಿಗಳು ಬರಿದಾದವು. ನಮ್ಮಲ್ಲಿ ಹಳಿಗೆ ಇನ್ನೂ ಬೇಡಿಕೆಯಿದೆ. ಮದ್ದೂರಿನ ಮೂಲಕ ಹಾದುಹೋಗುವ ಬೆಂಗಳೂರು-ಮೈಸೂರು ಮಾರ್ಗವನ್ನೇ ನೋಡಿ. ಮೈಸೂರು ಸಂಸ್ಥಾನದ ಕಾಲದಲ್ಲಿ, 1882ರ ಹೊತ್ತಿಗೆ, ಮೀಟರ್ ಗೇಜ್ ಆಗಿ ಪೂರ್ಣಗೊಂಡ ಈ ಮಾರ್ಗ ಬಳಿಕ ಬ್ರಾಡ್ ಗೇಜ್ ಆಯಿತು, ಜೋಡಿ ಮಾರ್ಗವಾಯಿತು, ವಿದ್ಯುದೀಕರಣಗೊಂಡಿತು.

ಹಾಗಾದರೆ ಕರ್ನಾಟಕಕ್ಕೆ ಖಾಲಿ ಹಳಿಯ ನಡಿಗೆಯ ಅನುಭವವೇ ಇಲ್ಲವೆ? ಇದೆ. ಅದು ಕಲಿಸಿದ ಪಾಠವನ್ನು ಮಾತ್ರ ನಾವು ಕಲಿತಿಲ್ಲ.

ಹಾಸನ-ಮಂಗಳೂರು ರೈಲು ಮಾರ್ಗದ ಸಕಲೇಶಪುರ-ಸುಬ್ರಹ್ಮಣ್ಯ ರಸ್ತೆ ನಡುವಿನ ಘಟ್ಟ ವಿಭಾಗದಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. ಗೇಜ್ ಪರಿವರ್ತನೆಗಾಗಿ 1996ರಲ್ಲಿ ಇಲ್ಲಿ ರೈಲು ಸಂಚಾರ ನಿಂತಿತು. ಕಾಮಗಾರಿ ಕುಂಟುತ್ತಾ ಸಾಗಿ ಸರಕು ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರ್‌ನಲ್ಲಿ. ಸುಮಾರು ಒಂದು ದಶಕ ಹಳಿ ಇತ್ತು, ರೈಲು ಇರಲಿಲ್ಲ. ಬೆಂಗಳೂರಿನ ಚಾರಣಿಗರು ವಾರಾಂತ್ಯಗಳಲ್ಲಿ ಬಸ್ಸಿನಲ್ಲಿ ಬಂದಿಳಿದು ಈ ಹಳಿಯ ಮೇಲೆ ನಡೆದರು, ಎಡಕುಮೇರಿ ನಿಲ್ದಾಣದಲ್ಲಿ ರಾತ್ರಿ ಕಳೆದರು, ಇದಕ್ಕೆ 'ಗ್ರೀನ್ ರೂಟ್' ಎಂಬ ಹೆಸರನ್ನೂ ಜನಪ್ರಿಯಗೊಳಿಸಿದರು. ಯಾರೂ ಯೋಜಿಸದೆ, ಯಾರೂ ಅನುಮತಿ ಕೊಡದೆ, ತಾನಾಗಿ ಹುಟ್ಟಿಕೊಂಡ ರೈಲು ಹಾದಿ ಅದು.

ತೊಂದರೆ ಆರಂಭವಾದದ್ದು ರೈಲು ಮರಳಿದ ಮೇಲೆ. ನಡಿಗೆಯ ಖ್ಯಾತಿ ಆಗಲೇ ಹಬ್ಬಿತ್ತು. ಹಳಿಗೆ ಜೀವ ಬಂದರೂ ಚಾರಣಿಗರು ಬರುವುದು ನಿಲ್ಲಲಿಲ್ಲ. ಸುರಂಗದೊಳಗೆ ನಡೆಯುವಾಗ ಎದುರಿನಿಂದ ಸರಕು ರೈಲು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕಾದ ಸ್ಥಿತಿಯನ್ನೂ ಸಾಹಸವೆಂದು ವರ್ಣಿಸುವವರಿದ್ದರು. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ರೈಲ್ವೆ ಜಾಗಕ್ಕೆ ಅತಿಕ್ರಮ ಪ್ರವೇಶ ಶಿಕ್ಷಾರ್ಹ ಅಪರಾಧ. ಆದರೂ ಜನ ಹಳಿಯನ್ನು ಕಾಲುದಾರಿ ಎಂದೇ ಭಾವಿಸುತ್ತಾರೆ.

2023ರ ಜುಲೈನಲ್ಲಿ ಗೋವಾ-ಕರ್ನಾಟಕ ಗಡಿಯ ದೂಧಸಾಗರ ಜಲಪಾತ ನೋಡಲು ಹಳಿಯ ಮೇಲೆ ನಡೆದು ಹೋದ ಗುಂಪುಗಳನ್ನು ತಡೆದು, ಬಸ್ಕಿ ಹೊಡೆಸಿದ ದೃಶ್ಯಗಳು ದೇಶದೆಲ್ಲೆಡೆ ಹರಿದಾಡಿದವು. ಜಲಪಾತದ ಸೊಬಗನ್ನು ರೈಲಿನ ಬೋಗಿಯೊಳಗಿನಿಂದಲೇ ಸವಿಯಿರಿ ಎಂದು ನೈರುತ್ಯ ರೈಲ್ವೆ ಮನವಿ ಮಾಡಿಕೊಂಡಿತು. 2017ರ ಅಕ್ಟೋಬರ್‌ನಲ್ಲಿ ಮದ್ದೂರಿನ ಇದೇ ಮಾರ್ಗದಲ್ಲಿ, ಬಿಡದಿ ಸಮೀಪ, ಮೂವರು ಯುವಕರು ರೈಲಿಗೆ ಸಿಲುಕಿ ಸತ್ತರು. ಸೆಲ್ಫಿಯ ಗುಂಗಿನಲ್ಲಿದ್ದರೆಂದು ಅಂದು ವರದಿಯಾಗಿತ್ತು. ಬಸ್ಕಿ ಹೊಡೆಸುವುದರಿಂದ ಈ ಸಾವುಗಳು ನಿಲ್ಲುವುದಿಲ್ಲ. ನಡೆಯಬಯಸುವವರಿಗೆ ನಡೆಯಲು ಬೇರೆಡೆ ಜಾಗ ತೋರಿಸದೆ ಇಲ್ಲಿ ನಡೆಯಬೇಡಿ ಎಂದಷ್ಟೇ ಹೇಳುತ್ತಾ ಬಂದಿರುವುದು ನಮ್ಮ ಆಡಳಿತದ ದೌರ್ಬಲ್ಯ.

ನಿಧಿ ಎಂಬ ಪದದ ನೆರಳು

ಹಳಿಯ ಅಪಾಯ ಒಂದಾದರೆ, ಹುಡುಕಾಟದ ಅಪಾಯ ಇನ್ನೊಂದು. ಜಿಯೋಕ್ಯಾಷಿಂಗನ್ನು ಪಶ್ಚಿಮದವರು 'ನಿಧಿ ಶೋಧ' ಎಂದು ಪ್ರೀತಿಯಿಂದ ಕರೆಯುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿದೆ. ನಿಧಿಯಾಸೆಗೆ ಶಿವಲಿಂಗ ಕಿತ್ತವರು, ನಂದಿಯ ಹೊಟ್ಟೆ ಒಡೆದವರು, ವೀರಗಲ್ಲಿನ ಬುಡ ಅಗೆದವರ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ. 2019ರ ಜುಲೈನಲ್ಲಿ ಆನೆಗೊಂದಿ ಬಳಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಗಳ್ಳರು ರಾತ್ರೋರಾತ್ರಿ ಕೆಡವಿದಾಗ ನಾಡು ಬೆಚ್ಚಿಬಿದ್ದಿತ್ತು.

ಹೀಗಿರುವಾಗ ವೈದ್ಯನಾಥಪುರದಂತಹ ಊರಿನ ದೇವಾಲಯದ ಹಿಂಬದಿಯಲ್ಲಿ ನಗರದ ನಾಲ್ವರು ಯುವಕರು ಮೊಬೈಲ್ ಹಿಡಿದು ಕಲ್ಲುಸಂದಿಗಳಲ್ಲಿ ಕೈಯಾಡಿಸುತ್ತಿದ್ದರೆ ಗ್ರಾಮಸ್ಥರು ಏನೆಂದು ತಿಳಿಯಬೇಕು? ಅವರನ್ನು ಹಿಡಿದು ಕಟ್ಟಿಹಾಕಿದರೆ ತಪ್ಪು ಗ್ರಾಮಸ್ಥರದು ಎನ್ನಲಾಗದು. ಊರಿನ ಕಲ್ಲು ಕಾಯುವವರು ಅವರೇ. ಇದಕ್ಕಿಂತ ಕಳವಳಕಾರಿ ಸಾಧ್ಯತೆ ಮತ್ತೊಂದಿದೆ: ಆಟದ ನೆಪ ಹೇಳಿ ನಿಜವಾದ ಕಳ್ಳರೇ ಜಾಗ ನೋಡಿಕೊಂಡು ಹೋಗಬಹುದು. ಪುರಾತನ ಸ್ಮಾರಕಗಳ ರಕ್ಷಣೆಗೆ ರಾಜ್ಯದಲ್ಲಿ 1961ರ ಕಾಯ್ದೆಯೂ, ನಿಧಿ ನಿಕ್ಷೇಪಗಳ ಕುರಿತು 1962ರ ಕಾಯ್ದೆಯೂ ಇವೆ. ಊರೂರಿಗೂ ಕಾವಲುಗಾರರಿಲ್ಲದ ಕಾರಣ ಈ ಕಾಯ್ದೆಗಳ ಬಲ ಊರಿನವರ ಎಚ್ಚರವನ್ನೇ ಅವಲಂಬಿಸಿದೆ. ಆ ಎಚ್ಚರವನ್ನು ಮಂಕಾಗಿಸುವ ಯಾವ ಆಟವೂ ನಮಗೆ ಬೇಡ.

ವಾರಸುದಾರರಿಲ್ಲದ ಡಬ್ಬಿಯೂ ನಮ್ಮಲ್ಲಿ ಬರೀ ಡಬ್ಬಿಯಲ್ಲ. 2020ರ ಜನವರಿಯಲ್ಲಿ ಮಂಗಳೂರು ವಿಮಾನ ನಿಲ್ದಾಣದ ಬಳಿ ಪತ್ತೆಯಾದ ಚೀಲದಲ್ಲಿ ಸ್ಫೋಟಕವಿತ್ತು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಿಟ್ಟುಹೋದ ಚೀಲ ಸಿಡಿದು ಜನ ಗಾಯಗೊಂಡರು. ಅನಾಮಧೇಯ ವಸ್ತುಗಳನ್ನು ಮುಟ್ಟಬೇಡಿ ಎಂದು ರೈಲು ನಿಲ್ದಾಣಗಳಲ್ಲಿ ದಿನವಿಡೀ ಘೋಷಣೆ ಮೊಳಗುತ್ತದೆ. ಆಟ ಚೆನ್ನಾಗಿ ಬೇರೂರಿರುವ ಬ್ರಿಟನ್ನಿನಲ್ಲಿಯೇ, 2011ರಲ್ಲಿ ವೆದರ್‌ಬಿ ಪಟ್ಟಣದ ಬೀದಿಯಲ್ಲಿ ಅಡಗಿಸಿದ್ದ ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬಾಂಬ್ ಎಂದು ಶಂಕಿಸಿ, ಜನರನ್ನು ತೆರವುಗೊಳಿಸಿ, ನಿಯಂತ್ರಿತ ಸ್ಫೋಟದಿಂದ ನಾಶಪಡಿಸಲಾಯಿತು. ಅಲ್ಲಿ ಹಾಗಾದರೆ ಇಲ್ಲಿ ಹೇಗಾದೀತು ಎಂಬುದನ್ನು ಊಹಿಸಬಹುದು.

ಮೂರನೆಯದು ಕಾಡಿನ ಪ್ರಶ್ನೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ನುಗ್ಗಿದ ಜನಜಂಗುಳಿಯ ಚಿತ್ರಗಳನ್ನು ಓದುಗರು ಮರೆತಿರಲಾರರು. ಅದರ ಬೆನ್ನಲ್ಲೇ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ ವ್ಯವಸ್ಥೆಯಿಲ್ಲದ ಚಾರಣ ಪಥಗಳನ್ನು ಮುಚ್ಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಎಂಬ ಜಾಲತಾಣದ ಮೂಲಕ ಚಾರಣಿಗರ ಸಂಖ್ಯೆಗೆ ಮಿತಿ ಹಾಕುವ ಕ್ರಮ ಜಾರಿಗೆ ಬಂತು. ನಗರಗಳಲ್ಲಿ ನಡೆಯಬಯಸುವವರ ಸಂಖ್ಯೆ ಏರುತ್ತಿದೆ, ನಡೆಯಲು ಬಿಡುವ ಜಾಗದ ಸಂಖ್ಯೆ ಏರುತ್ತಿಲ್ಲ. ಈ ಒತ್ತಡವನ್ನು ಬೆಟ್ಟ-ಕಾಡುಗಳಿಂದ ಬಯಲುಸೀಮೆಯ ಊರುಗಳ ಕಡೆಗೆ ತಿರುಗಿಸಲು ಸಾಧ್ಯವಾದರೆ ಕಾಡಿಗೂ ಒಳಿತು, ಊರಿಗೂ ಒಳಿತು. ಜಿಯೋಕ್ಯಾಷಿಂಗ್‌ನಂತಹ ಆಟದಿಂದ ನಮಗೆ ದೊರೆಯಬಹುದಾದ ನಿಜವಾದ ಲಾಭ ಇದು.

ಆಕಾಶ ತೆರೆದಿದೆ, ನೆಲ ತೆರೆದಿಲ್ಲ

ತಂತ್ರಜ್ಞಾನವಾಗಲಿ ನಕ್ಷೆಯ ಕಾನೂನಾಗಲಿ ಈಗ ಅಡ್ಡಿಯಲ್ಲ. ಭಾರತವು 2013ರಿಂದ 2016ರೊಳಗೆ ಏಳು ಉಪಗ್ರಹಗಳನ್ನು ಹಾರಿಸಿ 'ನಾವಿಕ್' ಎಂಬ ಸ್ವಂತ ಪಥದರ್ಶಕ ವ್ಯವಸ್ಥೆ ಕಟ್ಟಿಕೊಂಡಿತು. ಅದರ ನಿರ್ವಹಣೆಯ ಕೇಂದ್ರವಿರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ, ಅಂದರೆ ಮದ್ದೂರಿಗೆ ಹೋಗುವ ದಿಕ್ಕಿನಲ್ಲೇ. ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೈಕೊಟ್ಟದ್ದು, 2025ರ ಜನವರಿಯಲ್ಲಿ ಹಾರಿಸಿದ ಎನ್‌ವಿಎಸ್-02 ಉಪಗ್ರಹ ನಿಗದಿತ ಕಕ್ಷೆ ತಲುಪದಿದ್ದದ್ದು ಹಿನ್ನಡೆಯೇ ಸರಿ. ಆದರೂ ಜೇಬಿನಲ್ಲಿರುವ ಸಾಮಾನ್ಯ ಮೊಬೈಲ್ ಜಿಪಿಎಸ್ ಹಾಗೂ ಇತರ ದೇಶಗಳ ಉಪಗ್ರಹಗಳ ನೆರವಿನಿಂದ ಕೆಲವೇ ಮೀಟರ್‌ಗಳ ಅಂತರದಲ್ಲಿ ಸ್ಥಾನ ತೋರಿಸುತ್ತದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭೂಪ್ರಾದೇಶಿಕ ದತ್ತಾಂಶದ ಮೇಲಿದ್ದ ಹಳೆಯ ನಿರ್ಬಂಧಗಳನ್ನೂ ಬಹುಮಟ್ಟಿಗೆ ಸಡಿಲಿಸಿತು.

ಉಳಿದಿರುವುದು ನೆಲದ ಪ್ರಶ್ನೆ. ಒಬ್ಬ ಸಾಮಾನ್ಯ ಮನುಷ್ಯ ಯಾರಿಗೂ ಅನುಮಾನ ಹುಟ್ಟಿಸದೆ, ಯಾರಿಂದಲೂ ಗದರಿಸಿಕೊಳ್ಳದೆ, ಸುಮ್ಮನೆ ನಡೆಯಬಹುದಾದ ಜಾಗ ನಮ್ಮಲ್ಲಿ ಎಷ್ಟಿದೆ? ರಸ್ತೆ ವಾಹನಗಳಿಗೆ, ಹಳಿ ರೈಲಿಗೆ, ಕಾಡು ಇಲಾಖೆಗೆ, ಏರಿ-ಬದು ರೈತನಿಗೆ ಸೇರಿದ್ದು. ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೂ ಪ್ರವೇಶವಿಲ್ಲ. ಅಡಗಿಸಿಟ್ಟ ಡಬ್ಬಿ ಸುರಕ್ಷಿತವಾಗಿ ಉಳಿಯುವ ಜಾಗ ಎಂದರೆ ಸಾರ್ವಜನಿಕರದೇ ಎಂದು ಎಲ್ಲರೂ ಒಪ್ಪಿದ ಜಾಗ. ಪಶ್ಚಿಮದ ದೇಶಗಳು ರೈಲು ಹಾದಿಯ ಉದ್ಯಾನಗಳನ್ನು ಕಟ್ಟಿ ಅಂತಹ ಜಾಗವನ್ನು ಮೊದಲು ಸೃಷ್ಟಿಸಿಕೊಂಡವು, ಆಟ ಆಮೇಲೆ ಬಂತು. ನಾವು ಆಟವನ್ನಷ್ಟೇ ತಂದರೆ ಅದು ಹಳಿಯ ಮೇಲೋ ಗುಡಿಯ ಹಿಂದೆಯೋ ಹೋಗಿ ನಿಲ್ಲುತ್ತದೆ.

ದಾರಿ ಏನು?

ಮೊದಲನೆಯದಾಗಿ, ರೈಲ್ವೆಯ ಮನಸ್ಸು ಬದಲಾಗಬೇಕು. ಅಮೆರಿಕ 1983ರಲ್ಲಿ ಮಾಡಿಕೊಂಡ ಕಾನೂನು ನಮಗೆ ಇಲ್ಲಿ ಉಪಯುಕ್ತ ಮಾದರಿ. ಅದರ ಪ್ರಕಾರ ಬಳಕೆ ನಿಂತ ಮಾರ್ಗದ ಜಾಗವನ್ನು ಮಾರದೆ, ತುಂಡರಿಸದೆ, ತಾತ್ಕಾಲಿಕವಾಗಿ ನಡಿಗೆಯ ಹಾದಿಯಾಗಿ ಬಳಸಬಹುದು. ಮುಂದೆ ರೈಲು ಬೇಕಾದರೆ ಜಾಗ ರೈಲಿಗೇ ಮರಳುತ್ತದೆ. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ವ್ಯವಸ್ಥೆಯನ್ನು ಎತ್ತಿಹಿಡಿಯಿತು. ಸಕಲೇಶಪುರದ ಘಟ್ಟದಲ್ಲಿ ಆ ಹತ್ತು ವರ್ಷ ಇಂತಹ ನಿಯಮವಿದ್ದಿದ್ದರೆ ನಡಿಗೆಗೆ ಒಂದು ಆರಂಭವೂ, ಒಂದು ಅಧಿಕೃತ ಕೊನೆಯೂ ಇರುತ್ತಿತ್ತು. ರೈಲು ಮರಳಿದ ದಿನ ಹಾದಿ ಮುಚ್ಚಿದೆ ಎಂದು ಹೇಳಲು ಒಬ್ಬ ಹೊಣೆಗಾರನಿರುತ್ತಿದ್ದ. ನಮ್ಮಲ್ಲಿ ಖಾಲಿ ರೈಲ್ವೆ ಜಮೀನಿನ ವಾಣಿಜ್ಯ ಬಳಕೆಗಾಗಿ 2005ರ ತಿದ್ದುಪಡಿಯ ಮೂಲಕ ಪ್ರತ್ಯೇಕ ಪ್ರಾಧಿಕಾರವನ್ನೇ ರಚಿಸಲಾಗಿದೆ. ನಡಿಗೆಗೆ ಮಾತ್ರ ಅಂತಹ ವ್ಯವಸ್ಥೆ ಇಲ್ಲ.

ಇದು ಅಸಾಧ್ಯವೇನಲ್ಲ ಎಂಬುದಕ್ಕೆ ಬೆಂಗಳೂರಿನ ಉತ್ತರಕ್ಕೇ ಸಾಕ್ಷಿಯಿದೆ. ಯಲಹಂಕ-ಚಿಕ್ಕಬಳ್ಳಾಪುರ ನಡುವೆ 1915ರಲ್ಲಿ ನ್ಯಾರೋ ಗೇಜ್ ರೈಲಿಗಾಗಿ ಕಟ್ಟಿದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳ ಕಟ್ಟಡಗಳನ್ನು ರೈಲ್ವೆಯ ಸಮ್ಮತಿಯೊಂದಿಗೆ ಜೀರ್ಣೋದ್ಧಾರ ಮಾಡುವ ಕೆಲಸವನ್ನು ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಕೈಗೆತ್ತಿಕೊಂಡಿತು. ನಂದಿ ಬೆಟ್ಟದ ಬುಡದಲ್ಲಿರುವ ನಂದಿ ಹಾಲ್ಟ್ ನಡಿಗೆ ಆರಂಭದ ಉದ್ಯಾನವಾಗಲು ಎಲ್ಲ ಅರ್ಹತೆಯನ್ನೂ ಪಡೆದಿದೆ. ನಂಜನಗೂಡಿನಲ್ಲಿ ಕಪಿಲಾ ನದಿಗೆ ಅಡ್ಡಲಾಗಿರುವ, 18ನೇ ಶತಮಾನದ್ದೆಂದು ಹೇಳಲಾಗುವ ಕಲ್ಲಿನ ಸೇತುವೆಯ ಮೇಲೆ ಒಂದು ಕಾಲದಲ್ಲಿ ರಸ್ತೆ ಸಂಚಾರವೂ ರೈಲೂ ಒಟ್ಟಿಗೆ ಸಾಗುತ್ತಿದ್ದವು. ಗೇಜ್ ಪರಿವರ್ತನೆಯಾದ ಮೇಲೆ ರೈಲು ಹೊಸ ಸೇತುವೆಗೆ ಹೋಯಿತು. ದೇವಾಲಯಕ್ಕೆ ಬರುವ ಭಕ್ತರು ಒಂದು ಗಂಟೆ ಹೆಚ್ಚು ಉಳಿದು ನೋಡಲು ಇದಕ್ಕಿಂತ ಉತ್ತಮ ತಾಣ ಬೇಕೆ?

ಎರಡನೆಯದಾಗಿ, ಆಟದಿಂದ ಡಬ್ಬಿಯನ್ನು ಹೊರಗಿಡಬೇಕು. ಸಂಚಾರವಿರುವ ಹಳಿ, ರೈಲು ನಿಲ್ದಾಣ, ದೇವಾಲಯ, ಸ್ಮಾರಕ, ಪಕ್ಷಿಧಾಮಗಳ ಬಳಿ ಡಬ್ಬಿಗೆ ಜಾಗವಿಲ್ಲ. ಕಾವಲಿರುವ ಉದ್ಯಾನದೊಳಗೆ, ಲಿಖಿತ ಅನುಮತಿ ಪಡೆದು, ಕನ್ನಡದಲ್ಲಿ ವಿವರ ಬರೆದ ಪಾರದರ್ಶಕ ಡಬ್ಬಿಯನ್ನು ಇಡಬಹುದು. ಉಳಿದೆಡೆ ಪ್ರಶ್ನೆಯೊಂದೇ ಸಾಕು.

ಮದ್ದೂರು ತಾಲ್ಲೂಕಿನಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ನಿಲ್ದಾಣದ ಹಳದಿ ಫಲಕದ ಮೇಲೆ ಬರೆದ ಸಮುದ್ರಮಟ್ಟದಿಂದ ಎತ್ತರ ಎಷ್ಟು? ಶಿವಪುರದ ಸತ್ಯಾಗ್ರಹ ಸೌಧ ಯಾವ ಘಟನೆಯ ನೆನಪು? ವೈದ್ಯನಾಥಪುರದ ಗುಡಿಯಿಂದ ನೋಡಿದರೆ ಶಿಂಷೆ ಯಾವ ದಿಕ್ಕಿಗೆ ಹರಿಯುತ್ತದೆ? ಇದೇ ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನ ಚೋಳ ಯುದ್ಧದ ಸಂಗತಿಯ ಜೊತೆಗೆ ಕಾಳಿ ಎಂಬ ನಾಯಿಯೊಂದು ಹಂದಿಯೊಡನೆ ಕಾದಾಡಿ ಸತ್ತದ್ದನ್ನೂ ದಾಖಲಿಸಿದೆ. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಜಧಾನಿಯಲ್ಲಿ ಕಲ್ಲನ್ನು ನೋಡಿ ಒಂದು ಪ್ರಶ್ನೆಗೆ ಉತ್ತರಿಸಿದವರು, ಅದರ ಮೂಲವನ್ನು ಹುಡುಕಿಕೊಂಡು ಮದ್ದೂರಿನಲ್ಲಿ ಇಳಿಯುವಂತೆ ಮಾಡುವ ಆಟ ಯಾರಿಗೆ ಬೇಡವಾದೀತು? ಇಲ್ಲಿ ಯಾರೂ ನೆಲ ಮುಟ್ಟಬೇಕಿಲ್ಲ, ಕಲ್ಲುಸಂದಿಗೆ ಕೈ ಹಾಕಬೇಕಿಲ್ಲ. ಓದುವ ಕಣ್ಣಿದ್ದರೆ ಸಾಕು.

ಮೂರನೆಯದಾಗಿ, ಊರಿನವರ ಒಪ್ಪಿಗೆ. ಆಟದ ನಿಯಮದಲ್ಲೇ ಜಾಗದ ಒಡೆಯರ ಅನುಮತಿ ಕಡ್ಡಾಯ. ಅದನ್ನು ನಮ್ಮಲ್ಲಿ ಗ್ರಾಮ ಪಂಚಾಯಿತಿಯ ಅನುಮತಿ ಎಂದು ಓದಿಕೊಳ್ಳಬೇಕು. ಯಾವ ದಾರಿ, ಯಾವ ಹೊತ್ತು, ಯಾವ ಹಬ್ಬದ ದಿನ ಬೇಡ, ಯಾರ ಹೊಲದ ಬದು ಬೇಡ ಎಂಬುದನ್ನು ತೀರ್ಮಾನಿಸುವವರು ಊರಿನವರೇ ಆಗಬೇಕು. 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಿತವಾದ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರು ಗ್ರಾಮಸ್ಥರು. ಗೂಡು ಕಟ್ಟುವ ಕಾಲದಲ್ಲಿ ಎಷ್ಟು ಜನ ಬರಬಹುದೆಂದು ಹೇಳುವ ಯೋಗ್ಯತೆ ಅವರಿಗಿರುವಷ್ಟು ಬೇರೆಯವರಿಗಿಲ್ಲ. ವಿವರಗಳು ಕನ್ನಡದಲ್ಲಿರಬೇಕು ಎಂಬುದೂ ಇದೇ ಕಾರಣಕ್ಕೆ. ತನ್ನೂರಿನ ಬಗ್ಗೆ ಅಪರಿಚಿತರು ಏನು ಓದಿಕೊಂಡು ಬರುತ್ತಿದ್ದಾರೆ ಎಂಬುದು ಊರಿನ ಶಾಲೆಯ ಹುಡುಗಿಗೂ ಓದಲು ಬರಬೇಕು. ಪ್ರಶ್ನೆಗಳನ್ನು ಆ ಮಕ್ಕಳೇ ಬರೆದರೆ ಇನ್ನೂ ಒಳ್ಳೆಯದು.

ಖರ್ಚಿನ ಮಾತೆತ್ತುವವರಿಗೆ ಉತ್ತರ ಸುಲಭ. ಇಲ್ಲಿ ಬೇಕಾಗಿರುವುದು ಕೋಟಿಗಟ್ಟಲೆಯ ಕಾಮಗಾರಿಯಲ್ಲ. ನಿಲ್ದಾಣದಿಂದ ನದಿದಂಡೆಯವರೆಗೆ ಸುರಕ್ಷಿತ ಕಾಲುದಾರಿ, ನೆರಳಿಗೆ ಮರ, ಕುಡಿಯುವ ನೀರು, ಶೌಚಾಲಯ, ದಾರಿ ತೋರಿಸುವ ಫಲಕ ಇಷ್ಟಿದ್ದರೆ ಆರಂಭಕ್ಕೆ ಸಾಕು. ಇವು ಆಟಗಾರರಿಗಿಂತ ಮೊದಲು ಊರಿನವರಿಗೇ ಬೇಕಾದ ಸೌಕರ್ಯಗಳು. ದೇವಾಲಯಕ್ಕೆ ಬರುವ ಭಕ್ತರಿಗೂ, ರೈಲು ಹಿಡಿಯಲು ನಡೆದು ಹೋಗುವ ವಿದ್ಯಾರ್ಥಿಗಳಿಗೂ, ಸಂಜೆ ಹೊರಡುವ ವೃದ್ಧರಿಗೂ ಅವು ಒದಗುತ್ತವೆ. ಆಟದ ಫ್ಯಾಷನ್ ನಾಳೆ ಮುಗಿದುಹೋದರೂ ದಾರಿ ಉಳಿಯುತ್ತದೆ.

ಮೈಸೂರು ಸಂಸ್ಥಾನಕ್ಕೆ ರೈಲು ಬಂದಾಗ ಅದು ಮದ್ದೂರಿನಲ್ಲಿ ನಿಂತಿತು, ನಿಂತದ್ದರಿಂದ ಊರಿಗೆ ಹೆಸರು ಬಂತು. ಇಂದು ಹೆದ್ದಾರಿ ನಿಲ್ಲದೆ ಓಡುತ್ತಿದೆ. ಈ ದಾರಿಯ ಊರುಗಳನ್ನು ಉಳಿಸುವುದಾಗಿ ಹೇಳುವ ರಾಜಕಾರಣಿಗಳು ಮುಂದಿನ ಮೇಲ್ಸೇತುವೆಯ ಶಂಕುಸ್ಥಾಪನೆಗೆ ಮುನ್ನ ನಿಲ್ದಾಣದಿಂದ ವೈದ್ಯನಾಥಪುರದವರೆಗೆ ಒಮ್ಮೆ ಕಾಲ್ನಡಿಗೆಯಲ್ಲಿ ಹೋಗಿ ಬರಲಿ. ಎಲ್ಲಿ ಪಾದಚಾರಿ ಮಾರ್ಗ ಮುಗಿಯುತ್ತದೆ, ಎಲ್ಲಿ ನೆರಳು ತಪ್ಪುತ್ತದೆ, ಎಲ್ಲಿ ಲಾರಿಗೆ ಹೆದರಿ ಚರಂಡಿಗೆ ಇಳಿಯಬೇಕಾಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಲಿ. ಕೆಲಸ ಎಲ್ಲಿಂದ ಆರಂಭವಾಗಬೇಕೆಂಬುದು ಆ ಪಟ್ಟಿಯಲ್ಲೇ ಸಿಗುತ್ತದೆ.